ಸಂಭವನೀಯತೆಯ ವ್ಯಾಕರಣ

ದತ್ತಾಂಶ ವಿಜ್ಞಾನವೆಂಬ ಹೊಸ ಶಾಸ್ತ್ರವು ಈಗ ನಮ್ಮ ಕಾಲೇಜುಗಳ ವಿದ್ಯಾರ್ಥಿಗಳನ್ನು ಬಹುವಾಗಿ ಆಕರ್ಷಿಸುತ್ತಿದೆ. ಸಂಭವನೀಯತೆಯ ಗಣಿತವೇ ಇದಕ್ಕೆ ತಳಹದಿಯೆಂಬುದನ್ನು ಯಾರೂ ಅಲ್ಲಗಳೆಯರು. ಆದರೆ ಆ ತಳಹದಿಯನ್ನು ಭದ್ರಪಡಿಸುವ ವ್ಯವಧಾನ ಮಾತ್ರ ಅಪರೂಪ. ಲೆಕ್ಕವನ್ನು ಕಂಪ್ಯೂಟರು ಮಾಡುತ್ತದೆ, ಅದಕ್ಕೆ ಆಜ್ಞೆ ಕೊಡುವುದನ್ನು ಕಲಿತರೆ ಸಾಕೆಂಬ ಅಭಿಪ್ರಾಯ ಬಲವಾಗಿ ಬೇರೂರಿದೆ. ಇದನ್ನು ಕುರಿತು ಮಾತನಾಡಲು ಕನ್ನಡದ ಅಧ್ಯಾಪಕನಿಗೆ ಅಧಿಕಾರವೆಲ್ಲಿಯದು ಎಂದು ವಾಚಕರು ಕೇಳಬಹುದು. ಸಂಭವನೀಯತೆಯಲ್ಲಿ ಘೋರವಾದ ತಪ್ಪುಗಳು ಗುಣಾಕಾರ ಭಾಗಾಕಾರಗಳಿಗಿಂತ ಹೆಚ್ಚಾಗಿ ವಾಕ್ಯದ ಅರ್ಥವನ್ನು ಗ್ರಹಿಸುವಲ್ಲಿ ಆಗುತ್ತವೆ. ವಾಕ್ಯಾರ್ಥವು ಭಾಷೆಯ ಅಧ್ಯಾಪಕನ ಕಸುಬಿಗೆ ಸೇರಿದ್ದು.

ಮೊದಲು ‘ಯಾದೃಚ್ಛಿಕ’ ಎಂಬ ಪದವನ್ನೇ ನೋಡೋಣ. ಯದೃಚ್ಛೆಯೆಂಬುದು ಹಳೆಯ ಮಾತು. ಜಗತ್ತಿಗೆ ಕಾರಣವಾವುದೆಂದು ವಿಚಾರಿಸುವ ಶ್ವೇತಾಶ್ವತರೋಪನಿಷತ್ತು ಕಾಲ, ಸ್ವಭಾವ, ನಿಯತಿಗಳ ಸಾಲಿನಲ್ಲಿ ಇದನ್ನೂ ಎಣಿಸುತ್ತದೆ. ಇದನ್ನು ‘ಮನಬಂದಂತೆ’ ಎಂಬ ಅರ್ಥದಲ್ಲಿ ಬಳಸುವುದು ಗಣಿತಕ್ಕೆ ಒಪ್ಪುವುದಿಲ್ಲ. ದಾಳಕ್ಕೆ ಮನಸ್ಸೆಲ್ಲಿದೆ? ಮುಂದಿನ ಎಸೆತದಲ್ಲಿ ಯಾವ ಮುಖ ಮೇಲಾಗುವುದೆಂದು ಹೇಳಲಾರೆವು. ಆದರೆ ಸಾವಿರಾರು ಎಸೆತಗಳಲ್ಲಿ ಒಂದೊಂದು ಮುಖವೂ ಹೆಚ್ಚುಕಡಿಮೆ ಆರರಲ್ಲಿ ಒಂದು ಪಾಲು ಬರುವುದೆಂದು ಧೈರ್ಯವಾಗಿ ಹೇಳಬಲ್ಲೆವು. 1654ರಲ್ಲಿ ಪಾಸ್ಕಲ್ ಮತ್ತು ಫರ್ಮಾ ಎಂಬ ಫ್ರೆಂಚ್ ಪಂಡಿತರು ಜೂಜಿನ ಪ್ರಶ್ನೆಗಳನ್ನು ಕುರಿತು ಬರೆದುಕೊಂಡ ಪತ್ರಗಳಲ್ಲಿ ಈ ಶಾಸ್ತ್ರ ಮೊಳೆಯಿತು. 1933ರಲ್ಲಿ ರಷ್ಯದ ಕೊಲ್ಮೊಗೊರೊವ್ ಅದಕ್ಕೆ ಮೂಲಸೂತ್ರಗಳನ್ನು ರಚಿಸಿಕೊಟ್ಟರು.

‘ಯಾದೃಚ್ಛಿಕ ಚರ’ ಎಂಬ ಹೆಸರಂತೂ ವಿದ್ಯಾರ್ಥಿಯನ್ನು ದಾರಿ ತಪ್ಪಿಸುವಂಥದು. ಪ್ರಯೋಗದ ಒಂದೊಂದು ಫಲಿತಕ್ಕೂ ಒಂದೊಂದು ಸಂಖ್ಯೆಯನ್ನು ಗೊತ್ತುಮಾಡುವ ನಿಯಮಕ್ಕೆ ಈ ಹೆಸರು. ಎರಡು ದಾಳಗಳನ್ನು ಎಸೆದರೆ ಫಲಿತಗಳು ಒಟ್ಟು 36. ಮೊತ್ತವನ್ನು ಬರೆದುಕೊಳ್ಳೋಣವೆಂದರೆ ಅದೊಂದು ಚರ. ಅದರಲ್ಲಿ 7 ಬರುವ ಬಗೆಗಳು ಆರು, 2 ಬರುವ ಬಗೆ ಒಂದೇ. ಎರಡರಲ್ಲಿ ದೊಡ್ಡ ಸಂಖ್ಯೆಯನ್ನು ಬರೆದುಕೊಳ್ಳೋಣವೆಂದರೆ ಬೇರೊಂದು ಚರ; ಅದರಲ್ಲಿ 7ಕ್ಕೆ ಎಡೆಯೇ ಇಲ್ಲ, 6 ಬರುವ ಬಗೆಗಳು ಹನ್ನೊಂದು. ದಾಳಗಳು ಅವೇ, ಎಸೆತವೂ ಅದೇ; ಏನನ್ನು ಬರೆದುಕೊಳ್ಳಬೇಕೆಂದು ನಿರ್ಧರಿಸಿದವನು ಮನುಷ್ಯ. ಸಾಲ ಬೇಡುವ ರೈತನನ್ನಾಗಲಿ, ಕೆಲಸಕ್ಕೆ ಅರ್ಜಿ ಹಾಕಿದ ತರುಣಿಯನ್ನಾಗಲಿ ಒಂದು ಸಂಖ್ಯೆಗೆ ಇಳಿಸಿದಾಗಲೂ ಈ ಮಾತು ನಿಜ. ಅಂಕಿ ಹೀಗೆ ಹೇಳುತ್ತದೆ ಎನ್ನುವವರು ಆ ಅಂಕಿಯನ್ನು ಆರಿಸಿದವರು ಯಾರೆಂಬುದನ್ನೂ ಹೇಳಬೇಕು.

ಇನ್ನು ಷರತ್ತಿನ ಸಂಭವನೀಯತೆ. ‘ರೋಗವಿಲ್ಲದಿದ್ದರೆ ಪರೀಕ್ಷೆ ಹೌದೆನ್ನುವ ಸಂಭವ’ ಒಂದು; ‘ಪರೀಕ್ಷೆ ಹೌದೆಂದರೆ ರೋಗವಿಲ್ಲದಿರುವ ಸಂಭವ’ ಮತ್ತೊಂದು. ಪಕ್ಷಾರ್ಥದ ‘ರೆ’ ಯಾವ ಕ್ರಿಯೆಗೆ ಹತ್ತಿದೆಯೆಂಬುದರಿಂದಲೇ ಅರ್ಥ ಬೇರಾಗುತ್ತದೆ. 1978ರಲ್ಲಿ ಪ್ರಕಟವಾದ ಪರಿಶೀಲನೆಯೊಂದರಲ್ಲಿ ಅಮೆರಿಕದ ಹಾರ್ವರ್ಡ್ ವೈದ್ಯಕೀಯ ಶಾಲೆಗೆ ಸಂಬಂಧಿಸಿದ 60 ಮಂದಿ ವೈದ್ಯರು ಹಾಗೂ ವಿದ್ಯಾರ್ಥಿಗಳನ್ನು ಹೀಗೆ ಕೇಳಲಾಯಿತು: ಸಾವಿರಕ್ಕೆ ಒಬ್ಬರಲ್ಲಿರುವ ರೋಗವನ್ನು ಪತ್ತೆಮಾಡುವ ಪರೀಕ್ಷೆಯು ರೋಗವಿಲ್ಲದವರಲ್ಲಿ ನೂರಕ್ಕೆ 5 ಮಂದಿಗೆ ತಪ್ಪಾಗಿ ಹೌದೆನ್ನುತ್ತದೆ, ಹೌದೆಂದು ಬಂದವನಿಗೆ ರೋಗವಿರುವ ಸಂಭವವೆಷ್ಟು? ಅರ್ಧಕ್ಕೆ ಸಮೀಪದಷ್ಟು ಮಂದಿ ನೂರಕ್ಕೆ 95 ಎಂದರು. ಸಾವಿರ ಜನರನ್ನು ಕಣ್ಣಮುಂದೆ ತಂದುಕೊಳ್ಳಿ. ರೋಗಿ ಒಬ್ಬ, ಪರೀಕ್ಷೆ ಅವನನ್ನು ತಪ್ಪದೆ ಗುರುತಿಸುವುದೆಂದೇ ಇಟ್ಟುಕೊಳ್ಳೋಣ. ಉಳಿದ 999 ಮಂದಿಯಲ್ಲಿ ಸುಮಾರು 50 ಮಂದಿಗೆ ಸುಳ್ಳು ಹೌದು. ಆದುದರಿಂದ ಹೌದೆನಿಸಿಕೊಂಡ 51 ಮಂದಿಯಲ್ಲಿ ರೋಗಿ ಒಬ್ಬನೇ, ಎಂದರೆ ನೂರಕ್ಕೆ ಸುಮಾರು ಎರಡು.

ಇಂಥ ತಪ್ಪಿಗೆ ತೆರಬೇಕಾದ ಬೆಲೆ ಎಷ್ಟೆಂಬುದನ್ನು ಇಂಗ್ಲೆಂಡಿನ ಸ್ಯಾಲಿ ಕ್ಲಾರ್ಕ್ ಅವರ ಮೊಕದ್ದಮೆ ತೋರಿಸುತ್ತದೆ. ತಮ್ಮ ಇಬ್ಬರು ಹಸುಗೂಸುಗಳನ್ನು ಕೊಂದರೆಂದು 1999ರಲ್ಲಿ ಆಕೆಗೆ ಶಿಕ್ಷೆಯಾಯಿತು. ಅಂಥ ಮನೆತನದಲ್ಲಿ ಕಾರಣ ತಿಳಿಯದ ಶಿಶುಮರಣದ ಸಂಭವ 8,543ಕ್ಕೆ ಒಂದೆಂದೂ, ಅದನ್ನು ಅದರಿಂದಲೇ ಗುಣಿಸಿದರೆ ಸುಮಾರು 7 ಕೋಟಿ 30 ಲಕ್ಷಕ್ಕೆ ಒಂದೆಂದೂ ತಜ್ಞಸಾಕ್ಷಿಯೊಬ್ಬರು ನುಡಿದಿದ್ದರು. ಹೀಗೆ ಗುಣಿಸಬೇಕಾದರೆ ಎರಡು ಮರಣಗಳಿಗೆ ಪರಸ್ಪರ ಸಂಬಂಧವಿರಬಾರದು. ಒಂದೇ ಮನೆಯ, ಒಂದೇ ರಕ್ತದ ಕೂಸುಗಳ ವಿಷಯದಲ್ಲಿ ಹಾಗೆಂದು ಹೇಳುವುದು ಹೇಗೆ? ಮೇಲಾಗಿ, ‘ತಾಯಿ ನಿರಪರಾಧಿಯಾಗಿದ್ದರೆ ಹೀಗಾಗುವ ಸಂಭವ’ವನ್ನು ಕೇಳಿದವರು ಅದನ್ನು ‘ಹೀಗಾಗಿದ್ದರೆ ತಾಯಿ ನಿರಪರಾಧಿಯಾಗಿರುವ ಸಂಭವ’ವೆಂದು ತಿಳಿಯುವ ಅಪಾಯವಿತ್ತು. ಆ ಲೆಕ್ಕಕ್ಕೆ ಆಧಾರವಿಲ್ಲವೆಂದು 2001ರಲ್ಲಿ ರಾಯಲ್ ಸ್ಟಾಟಿಸ್ಟಿಕಲ್ ಸೊಸೈಟಿ ಬಹಿರಂಗವಾಗಿ ಸಾರಿತು. ಬೆಳಕಿಗೆ ಬಾರದಿದ್ದ ವೈದ್ಯಕೀಯ ಪುರಾವೆ ಹೊರಬಿದ್ದ ಬಳಿಕ 2003ರಲ್ಲಿ ಶಿಕ್ಷೆ ರದ್ದಾಯಿತು. 2007ರಲ್ಲಿ ಆಕೆ ತೀರಿಕೊಂಡರು. ಆ ಗುಣಾಕಾರದಲ್ಲಿ ಅಂಕಗಣಿತದ ದೋಷ ಒಂದೂ ಇರಲಿಲ್ಲ. ಕಂಪ್ಯೂಟರು ಮಾಡಿದ್ದರೂ ಅದೇ ಉತ್ತರ ಬರುತ್ತಿತ್ತು.

ಆದುದರಿಂದ ನನ್ನ ಸೂಚನೆ ಇಷ್ಟು. ದತ್ತಾಂಶ ವಿಜ್ಞಾನದ ತರಗತಿಯಲ್ಲಿ ಮೊದಲ ಕೆಲವು ವಾರಗಳು ದಾಳ, ನಾಣ್ಯ, ಕಾಗದಗಳಿಗೆ ಮೀಸಲಾಗಲಿ. ಪ್ರತಿಯೊಂದು ಲೆಕ್ಕಕ್ಕೂ ಮುನ್ನ ವಿದ್ಯಾರ್ಥಿಯು, ಯಾವುದು ನಡೆದಿದ್ದರೆ ಯಾವುದರ ಸಂಭವವನ್ನು ಕೇಳುತ್ತಿದ್ದೇವೆಂಬುದನ್ನು ತನ್ನ ಭಾಷೆಯಲ್ಲಿ ಒಂದು ಪೂರ್ಣವಾಕ್ಯವಾಗಿ ಬರೆಯಲಿ. ಪರೀಕ್ಷೆಯಲ್ಲಿ ಆ ವಾಕ್ಯಕ್ಕೂ ಅಂಕವಿರಲಿ. ಉದ್ಯೋಗದ ಭಾಷೆ ಇಂಗ್ಲಿಷಾಗಿರುವಾಗ ಇದೇಕೆ ಎಂಬ ಆಕ್ಷೇಪ ಬಂದೀತು. ಇಂಗ್ಲಿಷಿನ ಪರಿಭಾಷೆಯನ್ನೂ ಕಲಿಯಲಿ, ಬೇಡವೆಂದವರಾರು? ಆದರೆ ಕನ್ನಡದಲ್ಲಿ ಓದಿ ಬಂದ ಹುಡುಗನು ಅರ್ಥವನ್ನು ತನ್ನ ಮಾತಿನಲ್ಲಿ ಹಿಡಿಯದೆ ಚಿಹ್ನೆಗಳನ್ನು ಬಾಯಿಪಾಠ ಮಾಡಿದರೆ, ನಾಳೆ ಅವನು ಕೊಡುವ ಉತ್ತರವನ್ನು ನಂಬಿ ನಡೆಯುವವರ ಗತಿಯೇನು?

ಈ ಶಾಸ್ತ್ರದಲ್ಲಿ ಜಗದ್ವಿಖ್ಯಾತರಾದ ಸಿ. ಆರ್. ರಾವ್ ಅವರು 1920ರಲ್ಲಿ ಹುಟ್ಟಿದ್ದು ನಮ್ಮ ಹೂವಿನಹಡಗಲಿಯಲ್ಲಿ. ದತ್ತಾಂಶದಿಂದ ಅಂದಾಜು ಮಾಡುವಾಗ ನಿಖರತೆಗೆ ಒಂದು ಮಿತಿಯುಂಟೆಂದು 1945ರ ತಮ್ಮ ಪ್ರಬಂಧದಲ್ಲಿ ಅವರು ತೋರಿಸಿದರು. ಆ ಮಿತಿಯ ಅರಿವು ನಮ್ಮ ವಿದ್ಯಾರ್ಥಿಗೆ ಮೊದಲ ವರ್ಷದಲ್ಲಿಯೇ ದೊರೆಯಲಿ. ಯಂತ್ರದ ಆಜ್ಞೆಗಳನ್ನು ಅವನು ಎರಡನೆಯ ವರ್ಷದಲ್ಲಿ ಕಲಿತರೂ ನಷ್ಟವಿಲ್ಲ.