ಫಾರಂ ತುಂಬಿದ್ದು ಯಾರು, ಹಿಸಾಬು ಯಾರದ್ದು?

ಕಳೆದ ರಜೆಯಲ್ಲಿ ಊರಿಗೆ ಹೋದಾಗ ಬಂಟ್ವಾಳ ತಾಲೂಕಿನ ನಮ್ಮ ಹಳ್ಳಿಯ ಒಬ್ಬ ಉಮ್ಮನ ಮನೆಗೆ ಹೋಗಿದ್ದೆ. ಊರಿನ ಗಲ್ಫ್ ಹುಡುಗರು ಮತ್ತು ಆಫ್ರಿಕಾದಲ್ಲಿರುವ ನಾವು ಕೆಲವರು ಸೇರಿ ನಡೆಸುವ ಸಣ್ಣ ನಿಧಿಯಿಂದ ಅವರ ಮಗಳಿಗೆ ಹೊಲಿಗೆ ಯಂತ್ರ ಕೊಟ್ಟಿದ್ದೆವು. ಯಂತ್ರ ಮೂಲೆಯಲ್ಲಿತ್ತು. ಅದರ ಮೇಲೊಂದು ಹಳೆಯ ಚಾದರ, ಚಾದರದ ಮೇಲೆ ಮಡಚಿಟ್ಟ ಬಟ್ಟೆಗಳ ರಾಶಿ. ಮೋಟಾರ್ ಕೆಟ್ಟು ತಿಂಗಳುಗಳೇ ಆಗಿತ್ತು. ಪೇಟೆಗೆ ಒಯ್ಯಲು ರಿಕ್ಷಾ ಬಾಡಿಗೆ, ಮತ್ತೆ ರಿಪೇರಿ ಖರ್ಚು. ಅಷ್ಟು ದುಡ್ಡು ಮನೆಯಲ್ಲಿಲ್ಲ.

"ನಮಗೊಂದು ಮಾತು ಹೇಳಬಾರದಿತ್ತಾ?" ಅಂತ ಕೇಳಿದೆ.

"ಕೊಟ್ಟವರ ಹತ್ತಿರವೇ ದೂರು ಹೇಳುವುದಾ ಮೋನೇ?" ಎಂದರು.

ನೈರೋಬಿಗೆ ವಾಪಸ್ ಬಂದು ನಮ್ಮ ಸಮೀಕ್ಷೆಯ ಪಟ್ಟಿ ತೆರೆದು ನೋಡಿದೆ. ಅದೇ ಮನೆಯ ಉತ್ತರ ಅಲ್ಲಿತ್ತು: ಐದಕ್ಕೆ ಐದು ಸ್ಟಾರ್. "ತುಂಬಾ ಉಪಯೋಗವಾಗಿದೆ." ತುಂಬಿದವನು ದಮ್ಮಾಮ್‌ನಲ್ಲಿರುವ ಮಗ. ಅವನು ಆ ಯಂತ್ರವನ್ನು ಕಣ್ಣಾರೆ ನೋಡಿಯೇ ಇಲ್ಲ. ಆದರೆ ವಾಟ್ಸ್ಆ್ಯಪ್ ಗ್ರೂಪಿನಲ್ಲಿ ಇರುವುದು ಅವನು, ಇಂಗ್ಲಿಷ್ ಫಾರಂ ಓದಲು ಬರುವುದು ಅವನಿಗೆ, ಕೊಟ್ಟವರ ಮುಖ ಉಳಿಸಬೇಕೆಂಬ ಸಂಕೋಚವೂ ಅವನದ್ದೇ. ಆ ಫಾರಂ ಮಾಡಿದ್ದು ನಾನು. "ಫಲಾನುಭವಿಗಳು ಪೂರ್ಣ ತೃಪ್ತರು" ಎಂದು ವಾರ್ಷಿಕ ವರದಿಯಲ್ಲಿ ಬರೆದದ್ದೂ ನಾನೇ. ಬಿ.ಕಾಂ. ಓದಿ, ಇಷ್ಟು ವರ್ಷ ಊರೂರಿನ ಕಂಪೆನಿಗಳ ಲೆಕ್ಕ ತಪಾಸಣೆ ಮಾಡಿದವನಿಗೆ ತನ್ನೂರಿನ ಲೆಕ್ಕ ತಪ್ಪಿತು. ಅದಕ್ಕಾಗಿಯೇ ಈ ಲೇಖನ. ನಮ್ಮ ಸಂಘಟನೆಗಳ ಕೆಲವು ಸಹೋದರರಿಗೆ ಬೇಸರವಾಗಬಹುದು, ಆಗಲಿ.

ನಾವು ಮಾಡುತ್ತಿರುವುದು ಮೌಲ್ಯಮಾಪನ ಅಲ್ಲ, ನಮ್ಮ ಬೆನ್ನನ್ನು ನಾವೇ ತಟ್ಟಿಕೊಳ್ಳುವುದು. 100 ಮಂದಿಗೆ ನೆರವು ಕೊಟ್ಟೆವು ಎಂದಿಟ್ಟುಕೊಳ್ಳಿ. ಫಾರಂ ತುಂಬಿದವರು 20 ಮಂದಿ, ತೃಪ್ತಿ ಎಂದವರು 18. ನಾವು ಬರೆಯುವುದು "ಶೇ. 90 ತೃಪ್ತಿ" ಅಂತ. ಲೆಕ್ಕ ಗೊತ್ತಿದ್ದವನು ಓದುವುದು ಬೇರೆ: 18 ಮಂದಿಯ ಖುಷಿ ಗೊತ್ತು, ಇಬ್ಬರ ಬೇಸರ ಗೊತ್ತು, ಉಳಿದ 80 ಮಂದಿಯ ಸುದ್ದಿಯೇ ಇಲ್ಲ. ಆ 80 ಮಂದಿ ಯಾರು? ಕೀಪ್ಯಾಡ್ ಫೋನಿನ ಉಮ್ಮಂದಿರು, ಓದಲು ಬಾರದ ಹಿರಿಯರು, ಕ್ಯಾಂಪಿನಲ್ಲಿ ಎರಡು ಶಿಫ್ಟ್ ದುಡಿದು ಬಂದು ಮಲಗುವವರು. ಇನ್ನೂ ಒಂದು ಗುಂಪಿದೆ. ಕೆಲಸ ಹೋಗಿ, ವೀಸಾ ಮುಗಿದು ಊರಿಗೆ ವಾಪಸಾದವರು. ಅವರು ಮೊದಲು ಬಿಡುವುದೇ ನಮ್ಮ ವಾಟ್ಸ್ಆ್ಯಪ್ ಗ್ರೂಪನ್ನು. ಯಾರ ಕಷ್ಟ ಹೆಚ್ಚೋ ಅವರೇ ಪಟ್ಟಿಯಿಂದ ಹೊರಗೆ!

ಇದು ನಮ್ಮೊಬ್ಬರ ಸಮಸ್ಯೆ ಅಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಭಾರತದಲ್ಲಿ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ತಾವೇ ಬಳಸುವ ಮೊಬೈಲ್ ಇದ್ದವರು ಸುಮಾರು ಶೇ. 54 ಮಾತ್ರ. ಹೀಗಿರುವಾಗ ಮೊಬೈಲಿನಲ್ಲಿ ಒಂದು ಲಿಂಕ್ ಕಳುಹಿಸಿ "ಎಲ್ಲರನ್ನೂ ಕೇಳಿದ್ದೇವೆ" ಎನ್ನುವುದು ಸುಳ್ಳು.

ಹಾಗಾದರೆ ತಂತ್ರಜ್ಞಾನ ಬೇಡವೇ? ಬೇಕು. ಅದು ಯಾರ ಕೈಯಲ್ಲಿದೆ ಎನ್ನುವುದು ಪ್ರಶ್ನೆ. ಅದನ್ನು ನಾನು ಕಲಿತದ್ದು ಇಲ್ಲಿ, ಲಂಗಾಟಾದಲ್ಲಿ. ನನ್ನ ಬಾಡಿಗೆ ಮನೆಯಿಂದ ಕಿಬೇರಾ ದೂರವಿಲ್ಲ. 2013ರ ಚುನಾವಣೆಗೆ ಮುಂಚೆ ಅದು ಲಂಗಾಟಾ ಕ್ಷೇತ್ರದಲ್ಲೇ ಇತ್ತು. ತಗಡಿನ ಮಾಡಿನ ಈ ದೊಡ್ಡ ಕೊಳೆಗೇರಿಯಲ್ಲಿ 10 ಲಕ್ಷ ಜನ ಇದ್ದಾರೆ ಎಂದು ಹೊರಗಿನವರು ವರ್ಷಗಟ್ಟಲೆ ಬರೆದರು. 2009ರ ಜನಗಣತಿಯಲ್ಲಿ ಸಿಕ್ಕಿದ್ದು 1,70,070. ಅಂದರೆ ಅಷ್ಟು ವರ್ಷ ಎಲ್ಲರೂ ಅವರ ಬಗ್ಗೆ ಮಾತಾಡುತ್ತಿದ್ದರು, ಎಣಿಕೆ ಮಾತ್ರ ಯಾರ ಹತ್ತಿರವೂ ಸರಿಯಾಗಿರಲಿಲ್ಲ. ಅದೇ 2009ರಲ್ಲಿ 'ಮ್ಯಾಪ್ ಕಿಬೇರಾ' ಎಂಬ ಕೆಲಸ ಶುರುವಾಯಿತು. ಅಲ್ಲಿನ ಯುವಕ ಯುವತಿಯರೇ ಕೈಯಲ್ಲಿ ಜಿಪಿಎಸ್ ಹಿಡಿದು ಗಲ್ಲಿ ಗಲ್ಲಿ ನಡೆದರು. ನೀರಿನ ನಲ್ಲಿ ಎಲ್ಲಿ, ಶೌಚಾಲಯ ಎಲ್ಲಿ, ಶಾಲೆ, ಕ್ಲಿನಿಕ್ ಎಲ್ಲಿ ಎಂದು ಗುರುತು ಹಾಕಿದರು. ಅದುವರೆಗೆ ನಕಾಶೆಯಲ್ಲಿ ಖಾಲಿಯಾಗಿದ್ದ ಜಾಗ ತುಂಬಿತು. ಅಲ್ಲಿ ಬದುಕುವವರೇ ಎಣಿಸಿದರು, ಅದಕ್ಕೇ ಬೆಲೆ.

ಇನ್ನೊಂದು ಪಾಠವೂ ಕಿಬೇರಾದ್ದೇ. ಅಲ್ಲಿನ ನುಬಿಯನ್ ಮುಸ್ಲಿಮರು ಬ್ರಿಟಿಷರ ಸೈನ್ಯದಲ್ಲಿ ದುಡಿದ ಸೂಡಾನಿ ಸೈನಿಕರ ಸಂತತಿ. ಗುರುತಿನ ಚೀಟಿಗಾಗಿ ದಶಕಗಳ ಕಾಲ ಪರದಾಡಿದವರು. 2019ರಲ್ಲಿ ಕೀನ್ಯಾ ಸರ್ಕಾರ 'ಹುದುಮಾ ನಂಬಾ' ಎಂಬ ಡಿಜಿಟಲ್ ನೋಂದಣಿ ಶುರು ಮಾಡಿದಾಗ, ಕಾಗದವೇ ಇಲ್ಲದವರು ಇದರಿಂದ ಪೂರ್ತಿ ಹೊರಗೆ ಬೀಳುತ್ತಾರೆ ಎಂದು ನುಬಿಯನ್ ರೈಟ್ಸ್ ಫೋರಂ ಹೈಕೋರ್ಟಿಗೆ ಹೋಯಿತು. 2020ರ ಜನವರಿಯಲ್ಲಿ ಕೋರ್ಟು ಡಿಎನ್‌ಎ ಮತ್ತು ಜಿಪಿಎಸ್ ವಿವರ ಸಂಗ್ರಹಿಸುವುದನ್ನು ತಡೆಯಿತು. ಸರಿಯಾದ ಕಾನೂನು ಚೌಕಟ್ಟು ಆದ ಮೇಲೆಯೇ ಮುಂದುವರಿಯಿರಿ ಎಂದಿತು. ಒಂದು ಸರ್ಕಾರಕ್ಕೇ ಈ ಮಾತು ಅನ್ವಯ ಆಗುವುದಾದರೆ, ಕಿಟ್ ತೆಗೆದುಕೊಳ್ಳುವ ಹೆಂಗಸಿನ ಫೋಟೋ ತೆಗೆದು ಗ್ರೂಪಿಗೆ ಹಾಕುವ ನಮಗೆ ಅನ್ವಯ ಆಗುವುದಿಲ್ಲವೇ?

ಹಾಗಾದರೆ ಏನು ಮಾಡಬೇಕು? ದೊಡ್ಡ ಖರ್ಚಿನ ಕೆಲಸ ಏನಲ್ಲ.

ಒಂದು, ಲಿಂಕ್ ಬಿಟ್ಟು ಫೋನ್ ಮಾಡಿ. ನೆರವು ಪಡೆದವರೆಲ್ಲರ ಹೆಸರು ಬರೆದು ಚೀಟಿ ಎತ್ತಿ, ಬಂದ ಹೆಸರಿಗೆ ಕರೆ ಮಾಡಿ. ನಮಗೆ ಬೇಕಾದವರನ್ನು ಆರಿಸಬೇಡಿ. ಎರಡು, ಹೆಂಗಸರ ಹತ್ತಿರ ಹೆಂಗಸರೇ ಮಾತಾಡಲಿ, ಬ್ಯಾರಿ ಭಾಷೆಯಲ್ಲೇ ಮಾತಾಡಲಿ. ಫೋನ್ ಇದ್ದವರು ವಾಟ್ಸ್ಆ್ಯಪ್ ವಾಯ್ಸ್ ಮೆಸೇಜ್ ಕಳುಹಿಸಲಿ. ಅಕ್ಷರ ಬಾರದವರಿಗೂ ನಾಲಿಗೆ ಇದೆ. ಮೂರು, ಅರ್ಜಿ ಹಾಕಿ ಸಿಗದವರನ್ನೂ ಕೇಳಿ. ಯಾಕೆ ಸಿಗಲಿಲ್ಲ ಎಂದು ಅವರಿಗೆ ಯಾರಾದರೂ ಹೇಳಿದರೇ? ನಾಲ್ಕು, ಕೇಳುವವನು ಹಣ ಹಂಚಿದವನಾಗಿರಬಾರದು. ಕ್ಯಾಷಿಯರೇ ಆಡಿಟರ್ ಆಗುವ ಕಂಪೆನಿ ಎಷ್ಟು ದಿನ ನಿಲ್ಲುತ್ತದೆ? ಐದು, ಸಿಕ್ಕಿದ ಉತ್ತರವನ್ನು ಅವರಿಗೇ ವಾಪಸ್ ಹೇಳಿ: "ನೀವು ಹೀಗೆ ಹೇಳಿದಿರಿ, ನಾವು ಇದನ್ನು ಬದಲಿಸಿದೆವು."

"ನಾವೆಲ್ಲ ರಜೆಯ ದಿನ ಬಿಟ್ಟು ಉಚಿತವಾಗಿ ದುಡಿಯುವವರು, ಇಷ್ಟೆಲ್ಲ ಎಲ್ಲಿ ಸಾಧ್ಯ?" ಎಂದು ಕೇಳುವವರಿದ್ದಾರೆ. ಅವರ ದುಡಿಮೆಗೆ ನನ್ನ ಸಲಾಂ. ಆದರೆ ಫೋಟೋ ತೆಗೆಯಲು, ಬ್ಯಾನರ್ ಕಟ್ಟಲು ಸಮಯ ಸಿಗುವುದಾದರೆ ಹತ್ತು ಕರೆ ಮಾಡಲು ಯಾಕಿಲ್ಲ? "ತಪ್ಪು ಹೊರಗೆ ಬಂದರೆ ದಾನಿಗಳು ಕೈಬಿಡುತ್ತಾರೆ" ಎನ್ನುವವರೂ ಇದ್ದಾರೆ. ನಾನು ದಾನಿಗಳ ಪೈಕಿ ಒಬ್ಬ. ಯಂತ್ರ ಕೆಟ್ಟಿದೆ ಎಂದು ಗೊತ್ತಾಗಿದ್ದರೆ ರಿಪೇರಿಗೆ ಕೊಡುತ್ತಿದ್ದೆ. ಗೊತ್ತಾಗದ ಹಾಗೆ ಮಾಡಿದ್ದು ನನ್ನದೇ ಐದು ಸ್ಟಾರಿನ ಫಾರಂ.

ಮರುಭೂಮಿಯ ಬಿಸಿಲಲ್ಲಿ, ಹೋಟೆಲಿನ ಒಲೆಯ ಮುಂದೆ, ಲಾರಿಯ ಸ್ಟೀರಿಂಗ್ ಹಿಡಿದು ದುಡಿದವರು ಊಟದ ದುಡ್ಡಲ್ಲಿ ಉಳಿಸಿ ಕೊಟ್ಟ ಹಣ ಇದು. ಅಮಾನತ್. ಯಾವ ಒಳ್ಳೆಯ ಲೆಕ್ಕಪತ್ರದಲ್ಲೂ ವಸೂಲಾಗದ ಸಾಲಕ್ಕೆ ಒಂದು ಸಾಲು ಇರುತ್ತದೆ. ಆ ಸಾಲು ಇಲ್ಲದ ಲೆಕ್ಕವನ್ನು ಆಡಿಟರ್ ನಂಬುವುದಿಲ್ಲ. ನಮ್ಮ ಮುಂದಿನ ವಾರ್ಷಿಕ ವರದಿಯಲ್ಲೂ ಒಂದು ಪುಟ ಬೇಕು: ಎಲ್ಲಿ ತಪ್ಪಿತು, ಯಾರಿಗೆ ತಲುಪಲಿಲ್ಲ, ಯಾರನ್ನು ಕೇಳಲಿಲ್ಲ. ಆ ಪುಟ ಇಲ್ಲದ ವರದಿಗೆ ಚಪ್ಪಾಳೆ ತಟ್ಟಬೇಡಿ, ಸಹೋದರರೇ. ಸಭೆಯಲ್ಲಿ ಎದ್ದು ನಿಂತು ಕೇಳಿ.