ಕರೆಂಟ್ ತಂತಿಯ ಗಣಿತ ಕನ್ನಡದಲ್ಲೂ ಕೇಳಲಿ

ಬೆಂಗಳೂರಿನ ಸಂಶೋಧನಾ ಸಂಸ್ಥೆಗಳಲ್ಲಿ ಗ್ರಾಫ್ ಥಿಯರಿ ಉಪನ್ಯಾಸಗಳು ನಡೆಯುತ್ತವೆ, ಹೆಚ್ಚಾಗಿ ಇಂಗ್ಲಿಷಿನಲ್ಲೇ. ಹಳ್ಳಿಯವರಿಗೆ ಅದೆಲ್ಲ ತಲೆಗೆ ಹತ್ತದು ಎಂಬ ಮಾತನ್ನು ನಾವು ಒಪ್ಪುವುದಿಲ್ಲ.

1926ರಲ್ಲಿ ಒಟಾಕರ್ ಬೊರುವ್ಕಾ ಬಿಡಿಸಿದ ಲೆಕ್ಕ ನೋಡಿ. ಜೆಕೊಸ್ಲೊವಾಕಿಯಾದ ಮೊರಾವಿಯಾದಲ್ಲಿ ಊರೂರಿಗೆ ಕರೆಂಟ್ ಕೊಡಬೇಕು, ತಂತಿ ಆದಷ್ಟು ಕಡಿಮೆ ಹಿಡಿಯಬೇಕು. 1956ರಲ್ಲಿ ಜೋಸೆಫ್ ಕ್ರುಸ್ಕಲ್ ತೋರಿಸಿದ ದಾರಿ ಇನ್ನೂ ಸಲೀಸು: ತೀರಾ ಹತ್ತಿರದ ಎರಡು ಊರುಗಳನ್ನು ಮೊದಲು ಜೋಡಿಸಿ, ಆಮೇಲೆ ತುಸು ದೂರದವು. ಸುತ್ತುಬಳಸಿಯಾದರೂ ಆಗಲೇ ಸೇರಿಕೊಂಡ ಊರುಗಳ ನಡುವೆ ಮತ್ತೆ ತಂತಿ ಬೇಡ. (ನಡುವೆ ತಂತಿ ಕಡಿದರೆ ಮುಂದಿನ ಊರಿಗೆಲ್ಲ ಕತ್ತಲೆ, ಅದು ಬೇರೆ ಲೆಕ್ಕ.)

ತೋಟಕ್ಕೆ ಪೈಪು ಹಾಕಿಸಿದವರಿಗೆ ಇದು ಹೊಸದಲ್ಲ. ಇದಕ್ಕಿಂತ ಕಡಿಮೆ ತಂತಿಯಲ್ಲಿ ಆಗುವುದೇ ಇಲ್ಲ ಎಂದು ಸಾಬೀತು ಮಾಡುವುದು ಹೇಗೆ, ಅದನ್ನು ಕೇಳುವ ಆಸೆ ನಮಗಿದೆ. ಸರ್ಕಾರಿ ದುಡ್ಡಿನ ಉಪನ್ಯಾಸಗಳಲ್ಲಿ ವರ್ಷಕ್ಕೊಂದಾದರೂ ತಾಲ್ಲೂಕು ಕಾಲೇಜಿನಲ್ಲಿ, ಕನ್ನಡದಲ್ಲಿ ಆಗಲಿ.