ಲಿಂಗಸುಗೂರು ಬಸ್ಸಿಗೆ ನಿಂಬೆ ಕುಕ್ಕಿ

ಈ ಅಂಕಣದಲ್ಲಿ ನಾನು ಸಾಮಾನ್ಯವಾಗಿ ಮ್ಯಾನೇಜರು, ಡೆಡ್‌ಲೈನು, ಪಿಜಿ ಊಟ ಅಂತ ಗೊಣಗೋದು ನಿಮಗೆ ಗೊತ್ತು. ಈ ಸಲ ಕುಕ್ಕಿ. ನಗಬೇಡಿ.

ನನ್ನ ಅಕ್ಕ ಲಿಂಗಸುಗೂರಿನಲ್ಲಿದ್ದಾಳೆ. ಅವಳ ಮಗಳಿಗೆ ಏಳು ವರ್ಷ. ಹೋದ ವರ್ಷವಿಡೀ ಆ ಹುಡುಗಿಗೆ ಉಂಡದ್ದು ಮೈಗೆ ಹತ್ತುತ್ತಿರಲಿಲ್ಲ. ಹೊಟ್ಟೆ ಉಬ್ಬರ, ಆಗಾಗ ಭೇದಿ, ಮುಖ ಬಿಳಿಚಿಕೊಂಡು ಯಾವಾಗ ನೋಡಿದ್ರೂ ಸುಸ್ತು. ಜಂತುಹುಳದ ಔಷಧಿ ಕುಡಿಸಿದ್ದಾಯ್ತು, ಅವ್ವ ದೃಷ್ಟಿ ತೆಗೆದದ್ದೂ ಆಯ್ತು. ಕೊನೆಗೆ ರಕ್ತಪರೀಕ್ಷೆ, ಎಂಡೋಸ್ಕೋಪಿ ಎಲ್ಲ ಮುಗಿದ ಮೇಲೆ ಡಾಕ್ಟರು ಒಂದು ಹೆಸರು ಹೇಳಿದರು: ಸೀಲಿಯಾಕ್.

ಇದು ಅಲರ್ಜಿ ಅಲ್ಲ. ಗೋಧಿಯಲ್ಲಿರುವ ಗ್ಲುಟನ್ ಹೊಟ್ಟೆಗೆ ಹೋದರೆ ದೇಹದ ರಕ್ಷಣಾ ವ್ಯವಸ್ಥೆ ತನ್ನದೇ ಸಣ್ಣ ಕರುಳಿನ ಮೇಲೆ ದಾಳಿ ಮಾಡುತ್ತೆ. ನೆದರ್ಲೆಂಡ್ಸ್‌ನ ಮಕ್ಕಳ ವೈದ್ಯ ವಿಲ್ಲೆಮ್ ಡಿಕ್ಕೆ ಅವರಿಗೆ ಗೋಧಿಯ ಮೇಲೆ ಮೊದಲೇ ಅನುಮಾನವಿತ್ತು. 1944-45ರ ಚಳಿಗಾಲದ ಬರದಲ್ಲಿ ಅಲ್ಲಿ ಬ್ರೆಡ್ಡೇ ಸಿಗದಾಯಿತು. ಊರೆಲ್ಲ ಹಸಿದಿದ್ದಾಗ ಈ ಕಾಯಿಲೆಯ ಮಕ್ಕಳು ಸುಧಾರಿಸಿಕೊಂಡರು, ಬ್ರೆಡ್ ಬಂದಾಗ ಮತ್ತೆ ಮಲಗಿದರು. ಇವತ್ತಿಗೂ ಇದಕ್ಕೆ ಮಾತ್ರೆ ಇಲ್ಲ. ಗೋಧಿ, ಮೈದಾ, ರವೆ, ಶಾವಿಗೆ ಜೀವನಪೂರ್ತಿ ಬಂದ್. ಕರುಳು ಪೂರ್ತಿ ಕೆಟ್ಟಿದ್ದರಿಂದ ಹಾಲೂ ಅರಗುತ್ತಿರಲಿಲ್ಲ. ಅದನ್ನೂ ಕೆಲವು ತಿಂಗಳು ನಿಲ್ಲಿಸಿ ಅಂದ್ರು.

(ಒಂದು ಮಾತು ಇಲ್ಲೇ ಹೇಳಿಬಿಡ್ತೀನಿ. ನಿಮ್ಮ ಮನೆಯಲ್ಲಿ ಯಾರಿಗಾದರೂ ಇದರ ಅನುಮಾನ ಇದ್ದರೆ ಪರೀಕ್ಷೆಗೆ ಮುಂಚೆ ಗೋಧಿ ಬಿಡಿಸಬೇಡಿ. ಬಿಟ್ಟರೆ ರಿಪೋರ್ಟ್ ನಾರ್ಮಲ್ ಅಂತ ಬರಬಹುದು.)

ಊಟದ ಚಿಂತೆ ಅಷ್ಟಿರಲಿಲ್ಲ. ನಮ್ಮದು ಜೋಳದ ರೊಟ್ಟಿಯ ಸೀಮೆ. ಸಿಂಧನೂರಿನ ಕಡೆ ತುಂಗಭದ್ರಾ ಎಡದಂಡೆ ಕಾಲುವೆ ಬಂದ ಮೇಲೆ ಎತ್ತ ನೋಡಿದ್ರೂ ಭತ್ತ. ರೊಟ್ಟಿ, ಅನ್ನ, ಪುಂಡಿಪಲ್ಯ, ಶೇಂಗಾ ಹಿಂಡಿ ಅವಳ ತಟ್ಟೆಗೆ ಹಾಗೇ ನಡೆಯುತ್ತೆ. ಕಷ್ಟ ಬಂದದ್ದು ಬಿಸ್ಕತ್ತಿನಲ್ಲಿ.

ಒಂದು ಭಾನುವಾರ ಅಕ್ಕ ಅವಳ ಸ್ಕೂಲ್ ಬ್ಯಾಗ್ ಝಾಡಿಸಿದಾಗ ಕಂಪಾಸ್ ಬಾಕ್ಸಿನಲ್ಲಿ ಎಂಟು ಬಿಸ್ಕತ್ತು ಸಿಕ್ಕವು, ಇರುವೆ ಸಮೇತ. ಕ್ಲಾಸಿನಲ್ಲಿ ಯಾರದಾದರೂ ಹುಟ್ಟುಹಬ್ಬ ಬಂದಾಗ ಎಲ್ಲರಿಗೂ ಕೊಡ್ತಾರಲ್ಲ, ಅವು. ಬೇಡ ಅಂದರೆ ಯಾಕೆ ಅಂತ ಕೇಳ್ತಾರೆ ಅಂತ ತೊಗೊಂಡು ಎತ್ತಿಟ್ಟಿದ್ದಳು. ಒಂದನ್ನೂ ಕಚ್ಚಿರಲಿಲ್ಲ. ಅಕ್ಕ ಫೋನಿನಲ್ಲಿ ಇದನ್ನು ಹೇಳಿ ಸುಮ್ಮನಾದಳು. ನನಗೂ ಏನೂ ಹೇಳಲು ತೋಚಲಿಲ್ಲ. ಆ ರಾತ್ರಿಯೇ ಓಟಿಜಿ ಆರ್ಡರ್ ಮಾಡಿದೆ.

ತಿಂಗಳಲ್ಲಿ ಹದಿನೈದು ದಿನ ನಾನು ಸಿಂಧನೂರಿನ ಮನೆಯಿಂದಲೇ ಕೆಲಸ ಮಾಡ್ತೀನಿ. ಅವ್ವನ ಅಡುಗೆಮನೆಯಲ್ಲಿ ಮೊಟ್ಟೆ ಯಾವತ್ತೂ ಬಂದಿಲ್ಲ. ಹಾಲು, ಬೆಣ್ಣೆ ಡಾಕ್ಟರು ತೆಗೆಸಿದ್ದರು. ಹೀಗೆ ನಾವು ಯಾರೂ ಬಯಸದೇ ನಮ್ಮ ಕುಕ್ಕಿ ವೀಗನ್ ಆಯ್ತು.

ಮೊದಲ ಬ್ಯಾಚ್ ಹೊರಗೆ ಬಂದಾಗ ಮುಟ್ಟಿದರೆ ಮರಳು. ಗ್ಲುಟನ್ ಇಲ್ಲದ ಹಿಟ್ಟಿಗೆ ಹಿಡಿದುಕೊಳ್ಳೋ ಶಕ್ತಿ ಇರಲ್ಲ. ಆನ್‌ಲೈನಿನಲ್ಲಿ ಕ್ಸಾಂಥನ್ ಗಮ್ ತರಿಸಿ ಹಾಕಿದೆ. ಎರಡನೇ ಬ್ಯಾಚ್ ಬಾಯಲ್ಲಿ ಲೋಳೆ ಲೋಳೆ. ಹಿಂದೆ ನಿಂತು ನೋಡ್ತಿದ್ದ ಅವ್ವನಿಗೆ ತಡೆಯಲಾಗಲಿಲ್ಲ. "ಜೋಳದ ಹಿಟ್ಟಿಗೆ ಎಸರು ಹಾಕಲಾರ್ದ ನಾದಿದ್ರ ಅದು ಮಾತು ಕೇಳ್ತದೇನಪ್ಪ?"

ರೊಟ್ಟಿಗೆ ಕುದಿಯೋ ನೀರು ಹಾಕಿ ಕಲಸೋದು ಇದಕ್ಕೇ. ಬಿಸಿನೀರಿಗೆ ಹಿಟ್ಟಿನ ಪಿಷ್ಟ ಉಬ್ಬಿ ಅಂಟಾಗುತ್ತೆ. ಜಿಗಿ ಬರ್ತದ ಅಂತಾರೆ ನಮ್ಮ ಕಡೆ. ಎರಡು ಚಮಚ ಜೋಳದ ಹಿಟ್ಟು, ಒಂದು ಚಮಚ ಅಗಸಿ ಪುಡಿ ಬಟ್ಟಲಿಗೆ ಹಾಕಿ ಎಸರು ಹೊಯ್ದೆವು. ಹತ್ತು ನಿಮಿಷಕ್ಕೆ ಮೊಟ್ಟೆಯ ಬಿಳಿಲೋಳೆ ಥರ ಆಯ್ತು. ಕ್ಸಾಂಥನ್ ಗಮ್ಮಿನ ಪೊಟ್ಟಣ ಇನ್ನೂ ಶೆಲ್ಫಿನಲ್ಲಿ ಇದೆ, ಯಾರಿಗಾದರೂ ಬೇಕಾದರೆ ಹೇಳಿ.

ಘಮಕ್ಕೆ ನಿಂಬೆ. ಅಕ್ಕನ ಮನೆ ಹಿತ್ತಲಲ್ಲಿ ಒಂದು ಗಿಡ ಇದೆ, ಕಾಯಿ ತಿನ್ನೋರಿಗಿಂತ ಜಾಸ್ತಿ ಬಿಡುತ್ತೆ. ಜೊತೆಗೆ ಯಾವ ಸೊಪ್ಪು ಅನ್ನೋದಕ್ಕೆ ಮೂರು ವಾರ ಬೇಕಾಯ್ತು. ತುಳಸಿ ಹಾಕಿದ್ದು ಕಷಾಯದ ರುಚಿ. ಕರಿಬೇವನ್ನು ಎಣ್ಣೆಯಲ್ಲಿ ಬಾಡಿಸಿ ಹಾಕಿದ್ದು ನನಗೆ ಬಹಳ ಹಿಡಿಸಿತ್ತು, ಆದರೆ ಹುಡುಗಿ ಮೂಸಿ ನೋಡಿ, "ಮಾಮ, ಇದು ಒಗ್ಗರಣಿ ಬಿಸ್ಕೀಟು. ಮಿರ್ಚಿ ಎಲ್ಲೈತಿ?" ಅಂದಳು. ರಾಯಚೂರು ಕಡೆಯವರಿಗೆ ಇದು ಅರ್ಥವಾಗುತ್ತೆ. ಮಂಡಕ್ಕಿ ಒಗ್ಗರಣಿ ಮುಂದೆ ಯಾವ ಕುಕ್ಕಿ ನಿಲ್ಲುತ್ತೆ? ಕೊನೆಗೆ ಗೆದ್ದದ್ದು ಪುದೀನ. ಹಸಿಯಾಗಿ ಹಾಕಿದರೆ ಕಪ್ಪಾಗಿ ಹುಲ್ಲಿನ ವಾಸನೆ ಬರುತ್ತೆ. ನೆರಳಲ್ಲಿ ಒಣಗಿಸಿ ಕೈಯಲ್ಲಿ ಪುಡಿ ಮಾಡಿ ಹಾಕಬೇಕು.

ಎಲ್ಲ ಸರಿಹೋಯ್ತು ಅಂತ ಡಬ್ಬಿ ತುಂಬಿ ಕಳಿಸಿದೆ. ಎರಡನೇ ವಾರಕ್ಕೆ ಅಕ್ಕನ ಫೋನು. ಮತ್ತೆ ಹೊಟ್ಟೆನೋವು, ಮತ್ತೆ ಭೇದಿ, ಎರಡು ದಿನದಿಂದ ಶಾಲೆಗೆ ಹೋಗಿಲ್ಲ.

ನನ್ನ ಕುಕ್ಕಿಯಿಂದ ಇರಲಾರದು ಅಂದುಕೊಂಡೆ. ಪ್ರೊಡಕ್ಷನ್ನಿನಲ್ಲಿ ಬಗ್ ಬಂದಾಗ ಎಲ್ಲ ಡೆವಲಪರ್‌ಗಳೂ ಮೊದಲು ಹೇಳೋದು ಇದನ್ನೇ. ಆಮೇಲೆ ಕೂತು ಒಂದೊಂದೇ ಸಾಮಾನಿನ ಜಾಡು ಹಿಡಿದೆ. ಬೆಲ್ಲ, ಎಣ್ಣೆ, ಶೇಂಗಾ, ಅಗಸಿ ಸರಿ ಇದ್ದವು. ಜೋಳ ನಮ್ಮದೇ ನೆಂಟರ ಮನೆಯದು, ಮಸ್ಕಿ ಹತ್ತಿರದ ಕಪ್ಪು ಭೂಮಿಯ ಹಿಂಗಾರಿ ಬಿಳಿಜೋಳ. ಹಿಟ್ಟು? ಓಣಿಯ ಗಿರಣಿಯಿಂದ. ಸಂಜೆ ಹೋಗಿ ಗಿರಣಿ ಮುಂದೆ ನಿಂತೆ. ನನ್ನ ಮುಂದಿದ್ದ ಹೆಣ್ಣುಮಗಳು ಐದು ಕಿಲೋ ಗೋಧಿ ಸುರುವಿದರು. ಅವರದು ಮುಗಿದ ತಕ್ಷಣ ಅದೇ ಕಲ್ಲಿಗೆ, ಅದೇ ಬಟ್ಟೆಯ ಚೀಲಕ್ಕೆ ಇನ್ನೊಬ್ಬರ ಜೋಳ. ಗಿರಣಿಯವರ ತಪ್ಪೇನೂ ಇಲ್ಲ, ಅಲ್ಲಿ ಯಾವತ್ತೂ ಹಾಗೇ. ಇಷ್ಟು ವರ್ಷ ಆ ಸಾಲಿನಲ್ಲಿ ನಿಂತಿದ್ದೂ ಕಾಣಲಿಲ್ಲವಲ್ಲ ಅಂತ ನನ್ನ ಮೇಲೆ ನನಗೇ ಸಿಟ್ಟು ಬಂತು. ನಮ್ಮ ದೇಶದಲ್ಲಿ ಗ್ಲುಟನ್ ಮುಕ್ತ ಅಂತ ಲೇಬಲ್ ಹಾಕಬೇಕಾದರೆ ಒಂದು ಕಿಲೋದಲ್ಲಿ 20 ಮಿಲಿಗ್ರಾಂಗಿಂತ ಜಾಸ್ತಿ ಗ್ಲುಟನ್ ಇರಬಾರದು. ಗಿರಣಿ ಕಲ್ಲಿನ ಸಂದಿಯಲ್ಲಿ ಉಳಿಯೋ ಗೋಧಿ ಹಿಟ್ಟಿನ ಮುಂದೆ ಅದು ಯಾವ ಲೆಕ್ಕ?

ಅಕ್ಕನಿಗೆ ಫೋನ್ ಮಾಡಿ ಹೇಳಿದೆ. ಅವಳು ಬೈಯಲಿಲ್ಲ. "ನಮ್ಮನಿ ರೊಟ್ಟಿ ಹಿಟ್ಟೂ ಗಿರಣಿದೇ ಅಲ್ಲೋ," ಅಂದಳು. ಅಂದ್ರೆ ಮಗು ಪೂರ್ತಿ ಗುಣ ಆಗದೇ ಇದ್ದದ್ದಕ್ಕೆ ಕಾರಣ ಬರೀ ನನ್ನ ಡಬ್ಬಿ ಇರಲಿಕ್ಕಿಲ್ಲ. ಡಾಕ್ಟರಿಗೂ ಹೇಳಿದೆವು, ಗಿರಣಿ ಹಿಟ್ಟು ಮೊದಲು ನಿಲ್ಲಿಸಿ ಅಂದ್ರು.

ಅವ್ವ ಅಟ್ಟದಿಂದ ಬೀಸುಕಲ್ಲು ಇಳಿಸಲು ಹೊರಟಳು. ನನಗೂ ಖುಷಿಯಾಗಿತ್ತು, ಆದರೆ ಅದರಲ್ಲೂ ಅಜ್ಜಿ ಗೋಧಿ ಬೀಸಿದ್ದಾಳೆ. ಈಗ ಎರಡೂ ಮನೆಯಲ್ಲಿ ಒಂದೊಂದು ಹೊಸ ಮಿಕ್ಸಿ ಜಾರು, ಹೊಸ ಸಾಣಿಗಿ, ಹೊಸ ಲಟ್ಟಣಿಗೆ, ಮೇಲೆ ಕೆಂಪು ಟೇಪು. ಜೋಳ ಹಸನು ಮಾಡುವಾಗ ಗೋಧಿ ಕಾಳು ಒಂದೂ ಉಳಿಯದಂತೆ ಆರಿಸಿ, ತೊಳೆದು, ಒಣಗಿಸಿ, ಸ್ವಲ್ಪ ಸ್ವಲ್ಪವೇ ಬೀಸಿ, ತೆಳು ಬಟ್ಟೆಯಲ್ಲಿ ಸೋಸ್ತೀವಿ. ಬೇಸರದ ಕೆಲಸ. ಪಾಡ್‌ಕಾಸ್ಟ್ ಹಾಕಿಕೊಂಡು ಮಾಡ್ತೀನಿ. ಹಾಗೇ ಅಡುಗೆಮನೆ ಜಾಲಾಡಿದಾಗ ಇನ್ನೊಂದು ಸಿಕ್ಕಿತು: ಡಬ್ಬಿಯಲ್ಲಿ ಬರೋ ಇಂಗಿನ ಪುಡಿ. ಬಹಳಷ್ಟರಲ್ಲಿ ಗೋಧಿ ಹಿಟ್ಟೋ ಮೈದಾನೋ ಬೆರೆಸಿರ್ತಾರೆ. ಲೇಬಲ್ಲಿನಲ್ಲೇ ಬರೆದಿತ್ತು, ನಾವು ಓದಿರಲಿಲ್ಲ.

ಈಗ ಅಳತೆ. ಜೋಳದ ಹಿಟ್ಟು 120 ಗ್ರಾಂ, ಅಕ್ಕಿ ಹಿಟ್ಟು 40 ಗ್ರಾಂ, ಹುರಿದು ಸಿಪ್ಪೆ ತೆಗೆದ ಶೇಂಗಾದ ಪುಡಿ 40 ಗ್ರಾಂ. ಅಕ್ಕಿ ಹಿಟ್ಟೂ ಮನೆಯಲ್ಲೇ ಮಾಡಿದ್ದಿರಲಿ. ಜೋಳದ ಹಿಟ್ಟಿನಲ್ಲಿ ಎರಡು ದೊಡ್ಡ ಚಮಚ ತೆಗೆದು, ಒಂದು ದೊಡ್ಡ ಚಮಚ ಅಗಸಿ ಪುಡಿ ಸೇರಿಸಿ, ನಾಲ್ಕು ದೊಡ್ಡ ಚಮಚ ಕುದಿಯೋ ನೀರು ಹಾಕಿ ಕಲಸಿ ಆರಲು ಬಿಡಿ. 80 ಗ್ರಾಂ ಬೆಲ್ಲದ ಪುಡಿಗೆ ಮೂರು ನಿಂಬೆಯ ಸಿಪ್ಪೆ ತುರಿದು ಹಾಕಿ ಬೆರಳಲ್ಲಿ ಚೆನ್ನಾಗಿ ತಿಕ್ಕಿ. ಘಮ ಇರೋದು ಸಿಪ್ಪೆಯ ಎಣ್ಣೆಯಲ್ಲಿ, ರಸದಲ್ಲಿ ಬರೀ ಹುಳಿ. ಮೇಲಿನ ಬಣ್ಣದ ಪದರ ಮಾತ್ರ ತುರಿಯಿರಿ, ಒಳಗಿನ ಬಿಳಿ ಬಂದರೆ ಕಹಿ. ಇದಕ್ಕೆ 75 ಗ್ರಾಂ ಕೊಬ್ಬರಿ ಎಣ್ಣೆ, ಒಂದು ದೊಡ್ಡ ಚಮಚ ನಿಂಬೆರಸ, ಆ ಅಗಸಿ ಮಿಶ್ರಣ, ಒಂದು ಚಮಚ ಒಣ ಪುದೀನ, ಚಿಟಿಕೆ ಉಪ್ಪು. ಕೊನೆಗೆ ಹಿಟ್ಟುಗಳು ಮತ್ತು ಕಾಲು ಚಮಚ ಅಡುಗೆ ಸೋಡಾ.

ಕಲಸಿದ್ದನ್ನು ಅರ್ಧ ಗಂಟೆ ಫ್ರಿಜ್ಜಿನಲ್ಲಿ ಇಡಲೇಬೇಕು. ಕೊಬ್ಬರಿ ಎಣ್ಣೆ 24-25 ಡಿಗ್ರಿಗೇ ಕರಗುತ್ತೆ. ನಮ್ಮ ಊರ ಮೇ ತಿಂಗಳಲ್ಲಿ ಹೊರಗಿಟ್ಟರೆ ಕುಕ್ಕಿ ಬದಲು ಒಂದೇ ದೊಡ್ಡ ದೋಸೆ ಸಿಗುತ್ತೆ (ಸಿಕ್ಕಿದೆ). ಫ್ರಿಜ್ಜಿನಲ್ಲಿ ಕೂತ ಹೊತ್ತಿಗೆ ಜೋಳದ ಹಿಟ್ಟು ನೀರು ಹೀರಿಕೊಂಡು ತರಿತರಿ ಕಡಿಮೆಯಾಗುತ್ತೆ. ಇಪ್ಪತ್ತನಾಲ್ಕು ಉಂಡೆ ಮಾಡಿ, ಸ್ವಲ್ಪ ಒತ್ತಿ, 160 ಡಿಗ್ರಿಯಲ್ಲಿ 14ರಿಂದ 16 ನಿಮಿಷ. ಹೊರಗೆ ತೆಗೆದಾಗ ಮೆತ್ತಗಿರುತ್ತೆ, ಮುಟ್ಟಬೇಡಿ, ಆರಿದ ಮೇಲೆ ಗರಿ ಆಗುತ್ತೆ. ಕರೆಂಟ್ ಹೋದರೆ ದಪ್ಪ ತಳದ ಕುಕ್ಕರಿನಲ್ಲಿ ಉಪ್ಪು ಹರವಿ, ಗ್ಯಾಸ್ಕೆಟ್ಟು, ವಿಸಲ್ ಎರಡೂ ತೆಗೆದು, ಒಳಗೆ ಸ್ಟ್ಯಾಂಡ್ ಇಟ್ಟು ಸಣ್ಣ ಉರಿಯಲ್ಲಿ ಮಾಡಬಹುದು. ಸಮಯ ಜಾಸ್ತಿ ಹಿಡಿಯುತ್ತೆ, ತಳ ಬೇಗ ಕೆಂಪಾಗುತ್ತೆ, ಅಲ್ಲಿಂದ ಕದಲಬೇಡಿ.

ಡಬ್ಬಿ ಕೊಡಲು ಈಗ ನಾನೇ ಹೋಗ್ತೀನಿ. ಸಿಂಧನೂರಿನಿಂದ ಲಿಂಗಸುಗೂರಿಗೆ ಹೋಗೋ ಬಸ್ಸು ಮಸ್ಕಿಯಲ್ಲಿ ನಿಲ್ಲುತ್ತೆ. 1915ರಲ್ಲಿ ಅಶೋಕನ ಹೆಸರಿರೋ ಶಾಸನ ಸಿಕ್ಕ ಊರು ಅಂತ ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೆ. ಈಗ ಅಲ್ಲಿ ಇಳಿಯೋದು ನೆಂಟರ ಮನೆಯಿಂದ ಜೋಳದ ಚೀಲ ಹೊತ್ತು ತರೋದಕ್ಕೆ.

ಗಿರಣಿ ಹಿಟ್ಟು ಬಿಟ್ಟು ನಾಲ್ಕು ತಿಂಗಳಾಯ್ತು. ಹುಡುಗಿ ತೂಕ ಎರಡು ಕಿಲೋ ಏರಿದೆ. ಹೋದ ವಾರ ಅವಳ ಹುಟ್ಟುಹಬ್ಬ. ಕ್ಲಾಸಿನಲ್ಲಿ ನಲವತ್ತೊಂದು ಮಕ್ಕಳು, ಟೀಚರ್ ಬೇರೆ. ಎರಡು ರಾತ್ರಿ ಕೂತು ನಲವತ್ತೆಂಟು ಮಾಡಿದೆ. ಸಂಜೆ ಫೋನ್ ಮಾಡಿದಳು.

"ಮಾಮ, ಎಲ್ಲಾರೂ ಎರಡೆರಡು ಕೇಳಿದ್ರು. ನೀ ಕಡಿಮಿ ಕಳಿಸಿದಿ."